ಅಗ್ಗದ ಕಾರಿಗೆ ಬಂದ ಕಷ್ಟ

2008ನೆಯ ಇಸವಿಯ ಜನವರಿ 10ರಂದು ದೆಹಲಿಯ ವಾಹನ ಪ್ರದರ್ಶನದಲ್ಲಿ ರತನ್ ಟಾಟಾ ಅವರು ನ್ಯಾನೋ ಎಂಬ ಪುಟ್ಟ ಕಾರನ್ನು ಲೋಕದ ಮುಂದಿರಿಸಿ, ಅದರ ಬೆಲೆ ಒಂದು ಲಕ್ಷ ರೂಪಾಯಿಯೆಂದು ಸಾರಿದಾಗ, ಮೋಟಾರು ಉದ್ಯಮದಲ್ಲಿ ಅದುವರೆಗೆ ಅಸಾಧ್ಯವೆಂದೇ ಎಣಿಸಲ್ಪಟ್ಟಿದ್ದ ಕಾರ್ಯವೊಂದು ಕೈಗೂಡಿತೆಂದು ದೇಶವಿದೇಶಗಳ ಪತ್ರಿಕೆಗಳು ಕೊಂಡಾಡಿದುವು. ಒಂದೇ ಸ್ಕೂಟರಿನ ಮೇಲೆ ತಂದೆ, ತಾಯಿ, ಇಬ್ಬರು ಮಕ್ಕಳು ಮಳೆಯಲ್ಲಿ ತೊಯ್ಯುತ್ತ ಸಾಗುತ್ತಿದ್ದ ದೃಶ್ಯವೇ ತಮಗೆ ಈ ಕೆಲಸಕ್ಕೆ ಪ್ರೇರಣೆಯಾಯಿತೆಂದು ಟಾಟಾ ಅವರು ಹೇಳಿಕೊಂಡಿದ್ದರು. ಆ ಪ್ರೇರಣೆಗೆ ಎಂಜಿನಿಯರುಗಳು ಒದಗಿಸಿದ ಉತ್ತರ ನಿಜಕ್ಕೂ ಜಾಣ್ಮೆಯದಾಗಿತ್ತು. 624 ಸಿಸಿಯ ಎರಡು ಸಿಲಿಂಡರಿನ ಎಂಜಿನನ್ನು ಹಿಂಬದಿಯಲ್ಲಿ ಅಡಗಿಸಿ ಒಳಗಡೆ ಸ್ಥಳವನ್ನು ಉಳಿಸಿದರು. ಗಾಜನ್ನೊರೆಸಲು ಎರಡು ವೈಪರುಗಳ ಬದಲು ಒಂದೇ ಸಾಕೆಂದರು. ಚಕ್ರಕ್ಕೆ ನಾಲ್ಕು ನಟ್ಟುಗಳಿರುತ್ತಿದ್ದ ಕಡೆ ಮೂರರಿಂದಲೇ ತೃಪ್ತರಾದರು. ಹಿಂದಿನ ಬಾಗಿಲನ್ನು ತೆರೆಯುವ ಏರ್ಪಾಡನ್ನೂ ಮೊದಲ ಮಾದರಿಯಲ್ಲಿ ಬಿಟ್ಟುಬಿಟ್ಟರು. ಹೀಗೆ ಕಾಸು ಕಾಸಿಗೂ ಲೆಕ್ಕ ಹಾಕಿ ಕಟ್ಟಿದ ಆ ಗಾಡಿಯಲ್ಲಿ ನಾಲ್ವರು ಮೈ ನೆನೆಯದೆ, ಸಾಧಾರಣ ವೇಗದಿಂದ, ಸಾಕಷ್ಟು ನೆಮ್ಮದಿಯಾಗಿ ಹೋಗಬಹುದಾಗಿತ್ತು. ವಾಹನದಿಂದ ಮನುಷ್ಯನು ನಿರೀಕ್ಷಿಸುವುದು ಪ್ರಯಾಣವೊಂದನ್ನೇ ಆಗಿದ್ದರೆ, ನ್ಯಾನೋ ಈ ದೇಶದ ಬೀದಿಗಳನ್ನು ತುಂಬಿಬಿಡಬೇಕಾಗಿತ್ತು.

ಆರಂಭದಲ್ಲಿ ಹಾಗೆಯೇ ಆಗುವಂತೆ ತೋರಿತು ಕೂಡ. 2009ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ ಮುಂಗಡ ಕಟ್ಟಿದರು. ಯಾರಿಗೆ ಮೊದಲು ಕೊಡಬೇಕೆಂಬುದನ್ನು ಚೀಟಿಯೆತ್ತಿ ನಿರ್ಧರಿಸಬೇಕಾಯಿತು. ಗುಜರಾತಿನ ಸಾಣಂದದ ಕಾರ್ಖಾನೆಯನ್ನು ವರ್ಷಕ್ಕೆ ಎರಡೂವರೆ ಲಕ್ಷ ಗಾಡಿಗಳಿಗೆ ಸಾಲುವಂತೆ ಕಟ್ಟಿದ್ದರು. ಆದರೆ ಅತ್ಯಂತ ಹೆಚ್ಚು ಮಾರಾಟವಾದ 2011-12ರ ಸಾಲಿನಲ್ಲಿಯೂ ಲೆಕ್ಕ ಮುಕ್ಕಾಲು ಲಕ್ಷವನ್ನು ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಇಳಿಯುತ್ತ ಬಂದು, 2018ರ ಜೂನ್ ತಿಂಗಳಿನಲ್ಲಿ ಆ ಕಾರ್ಖಾನೆಯಿಂದ ಹೊರಬಿದ್ದ ನ್ಯಾನೋಗಳ ಸಂಖ್ಯೆ ಒಂದು.

ಈ ಸೋಲಿಗೆ ಅನೇಕ ಕಾರಣಗಳುಂಟು, ಅವುಗಳನ್ನು ಮರೆಮಾಚಿ ಒಂದನ್ನೇ ಎತ್ತಿ ಹಿಡಿಯುವುದು ನ್ಯಾಯವಾಗದು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಜಮೀನಿನ ಹೋರಾಟ ಎದ್ದು, ಅಲ್ಲಿ ಕಟ್ಟುತ್ತಿದ್ದ ಕಾರ್ಖಾನೆಯನ್ನು ಬಿಟ್ಟು ಹೊರಡಬೇಕಾಯಿತು. ಆಗ ಸ್ಥಳವೀಯಲು ಮುಂದೆ ಬಂದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಈ ಗೊಂದಲದಿಂದ ಕಾಲವೂ ಹಣವೂ ನಷ್ಟವಾದುವು. 2010ರಲ್ಲಿ ಕೆಲವು ಗಾಡಿಗಳು ಹೊತ್ತಿಕೊಂಡ ಸುದ್ದಿ ಜನರನ್ನು ಅಧೀರರನ್ನಾಗಿಸಿತು. ಇಷ್ಟೆಲ್ಲ ನಿಜವೇ. ಆದರೂ ಅದೇ ವರ್ಷಗಳಲ್ಲಿ, ಅದೇ ಪೇಟೆಗಳಲ್ಲಿ, ನ್ಯಾನೋಗಿಂತ ಬೆಲೆಯಲ್ಲಿ ಸಾಕಷ್ಟು ಮೇಲಿದ್ದ ಮಾರುತಿಯ ಆಲ್ಟೋ ದೇಶದಲ್ಲೆಲ್ಲ ಅತ್ಯಧಿಕವಾಗಿ ಮಾರಾಟವಾಗುವ ಕಾರೆಂಬ ಹೆಸರನ್ನು ಬಿಡದೆ ಉಳಿಸಿಕೊಂಡಿತ್ತೆಂಬುದನ್ನು ನೋಡಿದರೆ, ಸ್ಕೂಟರಿನಿಂದ ಇಳಿದು ಕಾರನ್ನು ಏರಬಯಸಿದ ಸಂಸಾರಿಗೆ ಅಗ್ಗವೆಂಬ ಗುಣವೇ ಏಕೋ ಗುಣವಾಗಿ ಕಾಣಲಿಲ್ಲವೆಂದು ಊಹಿಸಬೇಕಾಗುತ್ತದೆ. ‘ಅತ್ಯಂತ ಅಗ್ಗದ ಕಾರು’ ಎಂಬ ಪ್ರಚಾರವೇ ಕಳಂಕವಾಗಿ ಅಂಟಿಕೊಂಡಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಮನೆಯ ಮುಂದೆ ಕಾರು ನಿಂತಿತೆಂದರೆ ನಾಲ್ಕು ಜನ ಬಂದು ನೋಡಿ ಹೋಗುವ ನಾಡಿನಲ್ಲಿ, ಒಡೆಯನ ಕೈ ಎಷ್ಟು ಬಿಗಿಯೆಂಬುದನ್ನು ಸಾರಿ ಹೇಳುವ ಕಾರು ಯಾರಿಗೆ ಬೇಕು?

ಜನರು ಇಷ್ಟೊಂದು ಖರ್ಚು ತಗಲಿದರೂ ಕಾರನ್ನು ಏಕೆ ಪ್ರತಿಷ್ಠೆಯ ಕುರುಹಾಗಿ ಎಣಿಸುತ್ತಾರೆಂದು ಸಾಮಾನ್ಯವಾಗಿ ಕೇಳುವುದುಂಟು. ಹೊಸ ಕಾರು ಅಂಗಡಿಯ ಬಾಗಿಲು ದಾಟಿದೊಡನೆಯೇ ಅದರ ಬೆಲೆ ಇಳಿಯಲಾರಂಭಿಸುತ್ತದೆ. ವಿಮೆ, ತೆರಿಗೆ, ಇಂಧನ, ರಿಪೇರಿಗಳಿಗೆ ಕೊನೆಯಿಲ್ಲ. ಹಗಲಿರುಳಿನ ಬಹುಪಾಲು ಹೊತ್ತು ಅದು ನಿಂತಲ್ಲೇ ನಿಂತಿರುತ್ತದೆ. ಲೆಕ್ಕ ಬಲ್ಲವನಿಗೆ ಇದು ಹುಚ್ಚೆಂದೇ ತೋರಬೇಕು. ನನಗೆ ತೋರುವ ಮಟ್ಟಿಗೆ ‘ಖರ್ಚಾದರೂ’ ಎಂದು ಆರಂಭಿಸುವಲ್ಲಿಯೇ ಪ್ರಶ್ನೆ ದಾರಿ ತಪ್ಪಿದೆ. ಆ ಕುರುಹಿಗೆ ಜೀವ ಬಂದಿರುವುದೇ ಖರ್ಚಿನಿಂದ. ಖರ್ಚನ್ನು ಕಳೆದರೆ ಉಳಿಯುವುದು ನಾಲ್ಕು ಚಕ್ರಗಳ ಮೇಲಿನ ಒಂದು ಮಾಡು ಮಾತ್ರ. ಅದನ್ನೇ ನ್ಯಾನೋ ಕೊಟ್ಟಿತು, ಅದನ್ನೇ ಜನ ಬೇಡವೆಂದರು.

ಈ ವಿಚಾರವನ್ನು ಶಾಸ್ತ್ರೀಯವಾಗಿ ಎತ್ತಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್. ಆತನ ‘ವಿರಾಮವರ್ಗದ ಸಿದ್ಧಾಂತ’ ಪ್ರಕಟವಾದ 1899ರಲ್ಲಿ ಮೋಟಾರು ಕಾರಿನ್ನೂ ಬೀದಿಯ ವಿನೋದವಾಗಿದ್ದಿತು. ಆದುದರಿಂದ ಆತನ ಉದಾಹರಣೆಗಳು ಬೆಳ್ಳಿಯ ಚಮಚಗಳು, ಬಿಗಿಯುಡುಪುಗಳು, ಸಾಲುಸಾಲು ಆಳುಗಳು. ಕೈಯಿಂದ ಬಡಿದು ಮಾಡಿದ ಬೆಳ್ಳಿಯ ಚಮಚವು ಯಂತ್ರದಿಂದ ಬಂದ ಅಗ್ಗದ ಚಮಚಕ್ಕಿಂತ ಊಟಕ್ಕೆ ಹೆಚ್ಚು ಅನುಕೂಲವೇನಲ್ಲ. ಅದನ್ನು ಸುಂದರವೆಂದು ನಾವು ಮೆಚ್ಚುವಾಗ ನಮಗೇ ತಿಳಿಯದಂತೆ ಅದರ ಬೆಲೆಯನ್ನು ಮೆಚ್ಚುತ್ತಿರುತ್ತೇವೆಂಬುದು ಆತನ ಕುಹಕಮಿಶ್ರಿತ ನಿರ್ಣಯ. ಸಂಪತ್ತಿದ್ದರೆ ಸಾಲದು, ಅದು ಕಣ್ಣಿಗೆ ಬೀಳಬೇಕು. ಕಣ್ಣಿಗೆ ಬೀಳುವ ನಿಶ್ಚಿತ ಮಾರ್ಗವೆಂದರೆ ಅದನ್ನು ದುಂದುಮಾಡುವುದು.

ವೆಬ್ಲೆನ್ ಮನುಷ್ಯಸಮಾಜದ ಚಾಪಲ್ಯವೆಂದು ಬಗೆದುದನ್ನು ಜೀವಶಾಸ್ತ್ರಜ್ಞರು ಮುಕ್ಕಾಲು ಶತಮಾನದ ಬಳಿಕ ಹಕ್ಕಿಗಳಲ್ಲಿ ಕಂಡರು. ಇಸ್ರೇಲಿನ ಅಮೋಟ್ಸ್ ಜಹಾವಿ 1975ರಲ್ಲಿ ಮಂಡಿಸಿದ ತತ್ತ್ವದ ಸಾರಾಂಶವಿಷ್ಟು: ಪ್ರಾಣಿಯೊಂದು ತನ್ನ ಬಲವನ್ನು ಇತರರಿಗೆ ನಂಬಿಸಬೇಕಾದರೆ, ಬಲಹೀನವಾದುದು ಹೊರಲಾರದಂಥ ಹೊರೆಯೊಂದನ್ನು ಹೊತ್ತು ತೋರಿಸಬೇಕು. ನವಿಲಿನ ಮಾತನ್ನು ಎಲ್ಲರೂ ಆಡಿರುವರಾದ್ದರಿಂದ ಅದನ್ನು ಬಿಟ್ಟು, ಆಫ್ರಿಕದ ನೀಳಬಾಲದ ವಿಡೋಬರ್ಡ್ ಎಂಬ ಹಕ್ಕಿಯನ್ನು ನೋಡೋಣ. ಗುಬ್ಬಚ್ಚಿಗಿಂತ ಕೊಂಚವೇ ದೊಡ್ಡದಾದ ಈ ಹಕ್ಕಿಯ ಗಂಡಿಗೆ ಬೆದೆಗಾಲದಲ್ಲಿ ಅರ್ಧ ಮೀಟರು ಉದ್ದದ ಕರಿಯ ಬಾಲ ಬೆಳೆಯುತ್ತದೆ. ಗಾಳಿಯಲ್ಲಿ ಅದನ್ನೆಳೆದುಕೊಂಡು ಹಾರುವುದೇ ಒಂದು ಪ್ರಯಾಸ. ಸ್ವೀಡನ್ನಿನ ಮಾಲ್ಟೆ ಆಂಡರ್ಸನ್ ಕೀನ್ಯಾದ ಹುಲ್ಲುಗಾವಲಿನಲ್ಲಿ ಕೆಲವು ಗಂಡುಗಳ ಬಾಲವನ್ನು ಕತ್ತರಿಸಿ, ಆ ತುಂಡುಗಳನ್ನು ಬೇರೆ ಗಂಡುಗಳ ಬಾಲಕ್ಕೆ ಅಂಟಿಸಿ ಉದ್ದಮಾಡಿ, ಇನ್ನು ಕೆಲವುಗಳ ಬಾಲವನ್ನು ಕತ್ತರಿಸಿ ಮತ್ತೆ ಅದನ್ನೇ ಅಂಟಿಸಿ ಬಿಟ್ಟನು. 1982ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲವೇನೆಂದರೆ, ಅತಿ ಉದ್ದದ, ಪ್ರಕೃತಿಯೂ ಕೊಡದಷ್ಟು ಉದ್ದದ ಬಾಲವನ್ನು ಪಡೆದ ಗಂಡುಗಳ ನೆಲೆಯಲ್ಲಿಯೇ ಹೆಣ್ಣುಗಳು ಹೆಚ್ಚಾಗಿ ಗೂಡು ಕಟ್ಟಿದುವು.

ಜಹಾವಿಯ ತತ್ತ್ವವನ್ನು ಆರಂಭದಲ್ಲಿ ಅನೇಕರು ತಳ್ಳಿಹಾಕಿದರು; 1990ರಲ್ಲಿ ಆಲನ್ ಗ್ರಾಫೆನ್ ಅದಕ್ಕೊಂದು ಗಣಿತದ ಚೌಕಟ್ಟನ್ನು ಕೊಟ್ಟ ಮೇಲೆ ಮನ್ನಣೆ ದೊರೆಯಿತು; ಇಂದಿಗೂ ಅದರ ಮೇಲೆ ವಾದವಿವಾದಗಳು ನಿಂತಿಲ್ಲ. ನಮಗೆ ಬೇಕಾದ ಸೂಕ್ಷ್ಮವು ಆ ವಾದದ ನಡುವೆಯೇ ಇದೆ. ಕುರುಹು ನಂಬಿಕೆಗೆ ಅರ್ಹವಾಗುವುದು ಅದಕ್ಕೆ ತೆತ್ತ ಬೆಲೆಯ ದೊಡ್ಡತನದಿಂದಲ್ಲ. ಅದೇ ಬೆಲೆ ಉಳ್ಳವನಿಗೆ ಹಗುರವೂ ಇಲ್ಲದವನಿಗೆ ಭಾರವೂ ಆಗಿರುವ ವ್ಯತ್ಯಾಸದಿಂದ. ಅರ್ಥಶಾಸ್ತ್ರದಲ್ಲಿ ಇದೇ ನಿಯಮವನ್ನು ಮೈಕೆಲ್ ಸ್ಪೆನ್ಸ್ 1973ರಲ್ಲಿ ವಿದ್ಯಾಭ್ಯಾಸದ ಪದವಿಗಳನ್ನು ಕುರಿತು ತೋರಿಸಿದ್ದರು. ಕೋಟ್ಯಧಿಪತಿಗೆ ಅರ್ಧ ಕೋಟಿಯ ಕಾರು ಒಂದು ಗೊಣಗಾಟವನ್ನೂ ತರಲಾರದು. ತಿಂಗಳ ಸಂಬಳದವನಿಗೆ ಅದು ಮಕ್ಕಳ ಓದು, ಮನೆಯ ಛಾವಣಿ, ಮುಪ್ಪಿನ ಗಂಜಿ. ಈ ಅಂತರವಿರುವವರೆಗೆ ಕಾರು ಮಾಲೀಕನ ಪರವಾಗಿ ಸಾಕ್ಷಿ ನುಡಿಯಬಲ್ಲದು.

ಆದರೆ ಹಕ್ಕಿಗೂ ಮನುಷ್ಯನಿಗೂ ಇಲ್ಲೊಂದು ಭೇದವಿದೆ: ವಿಡೋಬರ್ಡಿಗೆ ಕಂತಿನ ಮೇಲೆ ಬಾಲವನ್ನು ಕೊಡುವ ಬ್ಯಾಂಕುಗಳಿಲ್ಲ. ನಮ್ಮಲ್ಲಿ ಹೊಸ ಕಾರುಗಳ ಬಹುಪಾಲು ಸಾಲದ ಮೇಲೆಯೇ ಬೀದಿಗಿಳಿಯುತ್ತವೆ. ಏಳು ವರ್ಷಗಳ ಕಂತು ಕಟ್ಟುವವನ ಕಾರೂ ಒಂದೇ ಸಲ ಹಣವೆಣಿಸಿದವನ ಕಾರೂ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತಾಗ ನೋಡುವವನಿಗೆ ಒಂದೇ. ಸುಳ್ಳು ಇಷ್ಟು ಸುಲಭವಾದರೆ ಕುರುಹು ಸವೆದುಹೋಗಬೇಕಷ್ಟೆ. ಸವೆಯುತ್ತದೆ ಕೂಡ, ಆದುದರಿಂದಲೇ ಉಳ್ಳವರು ಇನ್ನೂ ಮೇಲಿನ ಮೆಟ್ಟಿಲಿಗೆ ಏರುತ್ತಾರೆ, ಸಾಲಗಾರರು ಹಿಂಬಾಲಿಸುತ್ತಾರೆ. ಹಕ್ಕಿಗಳಲ್ಲಿ ಇಂಥ ಕಪಟಕ್ಕೆ ಶಿಕ್ಷೆ ಕೈಯಲ್ಲೇ ಉಂಟು. ಉತ್ತರ ಅಮೆರಿಕದ ಹ್ಯಾರಿಸ್ ಗುಬ್ಬಿಗಳಲ್ಲಿ ಕೊರಳಿನ ಕಪ್ಪು ಹೆಚ್ಚಿದಷ್ಟೂ ಗುಂಪಿನಲ್ಲಿ ದರ್ಜೆ ಹೆಚ್ಚು. ಸೀವರ್ಟ್ ರೋವರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕೆಳದರ್ಜೆಯ ಗುಬ್ಬಿಗಳ ಕೊರಳಿಗೆ ಕಪ್ಪು ಬಣ್ಣ ಬಳಿದು ಬಿಟ್ಟಾಗ, ಮೆರೆಯುವುದಿರಲಿ, ಅವು ಏಟು ತಿಂದುವು. ಬಣ್ಣದೊಡನೆ ಗಂಡುಹಾರ್ಮೋನನ್ನೂ ಕೊಟ್ಟಾಗ ಮಾತ್ರ ಅವುಗಳ ದರ್ಜೆ ಏರಿತು. ಬಾಡಿಗೆಯ ಠೀವಿಗೆ ನಮ್ಮಲ್ಲಿ ಅಂಥ ತಕ್ಷಣದ ದಂಡನೆಯಿಲ್ಲ. ಬ್ಯಾಂಕಿನವರು ಬಾಗಿಲು ತಟ್ಟುವುದು ಬಹಳ ತಡವಾಗಿ, ಅದೂ ನೆರೆಯವರಿಗೆ ಕೇಳಿಸದಂತೆ.

ಈ ಮೆಟ್ಟಿಲುಗಳನ್ನು ಬುದ್ಧಿಪೂರ್ವಕವಾಗಿ ಕಟ್ಟಿದವರೂ ಉಂಟು. ಹೆನ್ರಿ ಫೋರ್ಡ್ 1908ರಲ್ಲಿ 850 ಡಾಲರಿಗೆ ಹೊರತಂದ ಟಿ ಮಾದರಿಯ ಬೆಲೆಯನ್ನು ಇಳಿಸುತ್ತ ಇಳಿಸುತ್ತ 1920ರ ದಶಕದ ನಡುವೆ 300 ಡಾಲರಿಗಿಂತ ಕೆಳಕ್ಕೆ ತಂದನು. ರೈತನೂ ಕಾರ್ಮಿಕನೂ ಕಾರೇರಿದರು. ಒಂದೂವರೆ ಕೋಟಿ ಗಾಡಿಗಳು ಹೊರಬಂದುವು. ಎಲ್ಲರಿಗೂ ಒಂದೇ ಕಾರು ದೊರೆತ ಆ ಸಮತೆಯೇ ಅದರ ಮುಪ್ಪಿಗೆ ಬೀಜವಾಯಿತು. ಜನರಲ್ ಮೋಟಾರ್ಸಿನ ಆಲ್ಫ್ರೆಡ್ ಸ್ಲೋನ್ ಇದನ್ನು ಚೆನ್ನಾಗಿ ಗ್ರಹಿಸಿ, ಶೆವ್ರೊಲೆಯಿಂದ ತೊಡಗಿ ಓಕ್ಲೆಂಡ್, ಓಲ್ಡ್ಸ್‌ಮೊಬೀಲ್, ಬ್ಯುಯಿಕ್‌ಗಳ ಮೂಲಕ ಕ್ಯಾಡಿಲಾಕಿನವರೆಗೆ ಒಂದರ ಮೇಲೊಂದು ದರ್ಜೆಗಳನ್ನಿಟ್ಟು, ಮನುಷ್ಯನ ಆದಾಯ ಏರಿದಂತೆ ಆತನ ಕಾರೂ ಏರಬೇಕೆಂಬ ವ್ಯವಸ್ಥೆಯನ್ನು ಮಾಡಿದನು. ರಸಾಯನಶಾಸ್ತ್ರವೂ ಅವನಿಗೆ ನೆರವಾಯಿತು: ಹಳೆಯ ಬಣ್ಣಗಳು ಒಣಗಲು ದಿನಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ, ನೈಟ್ರೋಸೆಲ್ಯುಲೋಸಿನಿಂದ ಮಾಡಿದ, ಗಂಟೆಗಳಲ್ಲಿ ಆರುವ ಡ್ಯೂಕೋ ಎಂಬ ಬಣ್ಣವನ್ನು ಡ್ಯುಪಾಂಟ್ ಕಂಪೆನಿ ಒದಗಿಸಿತು, ಫೋರ್ಡನ ಕಪ್ಪಿಗೆ ಎದುರಾಗಿ ನೀಲಿ, ಹಸಿರು, ಕೆಂಪುಗಳು ಬೀದಿಗೆ ಬಂದುವು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ಅಲಂಕಾರಕುಶಲನನ್ನು ಕರೆತಂದು ರೂಪಕ್ಕೂ ಬಣ್ಣಕ್ಕೂ ಪ್ರತ್ಯೇಕ ವಿಭಾಗವನ್ನೇ ತೆರೆದರು. ಅದೇ ವರ್ಷ ಫೋರ್ಡ್ ಟಿ ಮಾದರಿಯನ್ನು ನಿಲ್ಲಿಸಿದನು. ಅಗ್ಗದ ಕಾರು ಸೋತದ್ದು ಸಾಣಂದದಲ್ಲಿ ಮೊದಲಲ್ಲ. ಆದರೆ ಫೋರ್ಡಿಗಿದ್ದ ಒಂದು ಅನುಕೂಲ ಟಾಟಾ ಅವರಿಗೆ ಇರಲಿಲ್ಲ: ಟಿ ಮಾದರಿ ಬಂದಾಗ ಅದಕ್ಕಿಂತ ಕೆಳಗಿನ ಮೆಟ್ಟಿಲು ಕುದುರೆಯದು, ನ್ಯಾನೋ ಬಂದಾಗ ಅದರ ಮೇಲೆ ಆಗಲೇ ಹತ್ತು ಮೆಟ್ಟಿಲುಗಳಿದ್ದುವು.

ಪ್ರತಿಷ್ಠೆಯೆಂಬುದು ಮಾಲೀಕನ ಭ್ರಮೆ ಮಾತ್ರವೆಂದು ತಿಳಿದವರಿಗೆ ಆಂತನಿ ಡೂಬ್ ಮತ್ತು ಆಲನ್ ಗ್ರೋಸ್ ಎಂಬಿಬ್ಬರು ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ, ಮೆನ್ಲೋ ಪಾರ್ಕ್ ಊರುಗಳಲ್ಲಿ ಮಾಡಿ 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಬೇಕು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಕದಲದೆ ನಿಂತ ಕಾರಿನ ಹಿಂದಿದ್ದವನು ಎಷ್ಟು ಹೊತ್ತಿಗೆ ಹಾರ್ನ್ ಒತ್ತುವನೆಂಬುದು ಪ್ರಶ್ನೆ. ಮುಂದಿನದು ಹಳೆಯ, ಬಡಕಲು ಕಾರಾದಾಗ ನೂರಕ್ಕೆ 84 ಮಂದಿ ಹನ್ನೆರಡು ಸೆಕೆಂಡಿನೊಳಗೆ ಒತ್ತಿದರು. ಹೊಳೆಯುವ ಕರಿಯ ಹೊಸ ಕ್ರೈಸ್ಲರ್ ಆದಾಗ ಒತ್ತಿದವರು 50 ಮಂದಿ. ಹಳೆಯ ಕಾರಿಗೆ ಹಿಂದಿನಿಂದ ಇಬ್ಬರು ಬಂದು ಢಿಕ್ಕಿಯನ್ನೇ ಕೊಟ್ಟರಂತೆ. ಅವರು ಹಾರ್ನ್ ಒತ್ತುವರೇ ಎಂದು ನೋಡಲು ಸಂಶೋಧಕನು ಕಾಯಲಿಲ್ಲ. ಸೊಗಸೆಂದರೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರೆಂದು ಕಾಗದದ ಮೇಲೆ ಕೇಳಿದಾಗ, ದೊಡ್ಡ ಕಾರಿಗೇ ಬೇಗ ಒತ್ತುತ್ತಿದ್ದೆವೆಂದು ತರುಣ ವಿದ್ಯಾರ್ಥಿಗಳು ಎದೆಯುಬ್ಬಿಸಿ ಬರೆದರು. ನಾವು ಕಾರಿಗೆ ಕೊಡುವ ಮರ್ಯಾದೆ ನಮಗೇ ತಿಳಿಯದು. ಆದರೆ ಅದನ್ನು ಪಡೆಯುವವನಿಗೆ ಅದು ದಿನವೂ ಸಲ್ಲುತ್ತಲೇ ಇರುತ್ತದೆ. ಹೋಟೆಲಿನ ಕಾವಲುಗಾರನು ಗೇಟು ತೆರೆಯುವ ವೇಗವನ್ನು ಗಮನಿಸಿದವರಿಗೆ ಈ ಪ್ರಯೋಗದ ಅಗತ್ಯವೇ ಇಲ್ಲವೆನ್ನಿ.

ಮೈಯೊಳಗೂ ಇದರ ಪ್ರತಿಧ್ವನಿ ಉಂಟೇ ಎಂದು ಹುಡುಕಿದವರಿದ್ದಾರೆ. ಮಾಂಟ್ರಿಯಲ್ಲಿನಲ್ಲಿ 39 ತರುಣರನ್ನು ಒಮ್ಮೆ ಪೋರ್ಷೆಯಲ್ಲಿಯೂ ಒಮ್ಮೆ ಹಳೆಯ ಟೊಯೋಟಾದಲ್ಲಿಯೂ ಕೂರಿಸಿ ಓಡಿಸಲು ಬಿಟ್ಟಾಗ, ಪೋರ್ಷೆಯಲ್ಲಿ ಅವರ ಗಂಡುಹಾರ್ಮೋನಾದ ಟೆಸ್ಟೋಸ್ಟೆರೋನ್ ಏರಿತೆಂದು 2009ರಲ್ಲಿ ವರದಿಯಾಯಿತು. 39 ಜನರ ಲೆಕ್ಕದ ಮೇಲೆ ಮನುಷ್ಯಸ್ವಭಾವವನ್ನು ನಿರ್ಣಯಿಸುವುದು ಅವಸರವೆನಿಸೀತು, ಅದನ್ನಿಲ್ಲಿಗೆ ಬಿಡೋಣ.

ಅದಕ್ಕಿಂತ ಗಟ್ಟಿಯಾದ ಪ್ರಮಾಣವು ನೆದರ್ಲೆಂಡ್ಸಿನ ಒಂದು ಲಾಟರಿಯಿಂದ ಬಂದಿತು. ಅಲ್ಲಿ ಬಹುಮಾನವು ವ್ಯಕ್ತಿಗೆ ಬಾರದೆ ಒಂದು ಅಂಚೆಸಂಖ್ಯೆಗೆ, ಎಂದರೆ ಸುಮಾರು ಇಪ್ಪತ್ತು ಮನೆಗಳ ಒಂದು ಬೀದಿಗೆ ಬರುತ್ತದೆ. ಆ ಬೀದಿಯಲ್ಲಿ ಟಿಕೇಟು ಕೊಂಡವರಿಗೆಲ್ಲ ಹಣ, ಅವರಲ್ಲೊಬ್ಬರಿಗೆ ಹೊಸ ಬಿಎಂಡಬ್ಲ್ಯು ಕಾರು. ಕೊಳ್ಳದ ನೆರೆಯವರಿಗೆ ಹೊಟ್ಟೆಯುರಿ. ಅದೃಷ್ಟವು ಚೀಟಿಯಿಂದಲೇ ಹಂಚಿಹೋಗುವುದರಿಂದ, ನೆರೆಯವರ ಸಿರಿ ಮನುಷ್ಯನ ಮೇಲೆ ಏನು ಮಾಡುವುದೆಂಬುದನ್ನು ಅಳೆಯಲು ಇದಕ್ಕಿಂತ ಶುದ್ಧವಾದ ಪ್ರಯೋಗ ದೊರೆಯದು. ಪೀಟರ್ ಕೂನ್ ಮೊದಲಾದ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬಹುಮಾನ ಬಂದವರ ಪಕ್ಕದ ಮನೆಯವರು, ತಮಗೆ ಒಂದು ಕಾಸೂ ಬಾರದಿದ್ದರೂ, ಕಾರಿನ ಮೇಲೆ ಮಾಡುವ ವೆಚ್ಚವನ್ನು ಏರಿಸಿಕೊಂಡಿದ್ದರು.

ಇಲ್ಲಿಯೇ ಈ ಹುಚ್ಚಿನ ದುರಂತವೂ ಅಡಗಿದೆ. ತೇರಿನ ಬೀದಿಯಲ್ಲಿ ಮುಂದಿನ ಸಾಲಿನವರು ತುದಿಗಾಲಿನ ಮೇಲೆ ನಿಂತರೆ ಹಿಂದಿನವರೂ ನಿಲ್ಲಬೇಕಾಗುತ್ತದೆ. ಕೊನೆಗೆ ಎಲ್ಲರ ಕಾಲೂ ನೋಯುತ್ತದೆ, ಯಾರಿಗೂ ಹೆಚ್ಚಾಗಿ ಕಾಣುವುದಿಲ್ಲ. ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಇದರ ಒಳಮರ್ಮವನ್ನು ಬಿಚ್ಚಿ ತೋರಿಸುತ್ತದೆ. ಕಾರಿನ ಬೆಲೆಯ ವಿಷಯದಲ್ಲಿ ಜನರು ಇತರರಿಗಿಂತ ಮೇಲಿರುವುದನ್ನು ಬಲವಾಗಿ ಬಯಸಿದರು; ಆದರೆ ಅದೇ ಕಾರಿನ ಸುರಕ್ಷತೆಯ ವಿಷಯ ಬಂದಾಗ, ಇತರರ ಕಾರು ಎಷ್ಟು ಸುರಕ್ಷಿತವೆಂಬ ಚಿಂತೆ ಅವರಿಗೆ ಹೆಚ್ಚಾಗಿರಲಿಲ್ಲ; ತಮ್ಮ ತಲೆ ಉಳಿದರೆ ಸಾಕಾಗಿತ್ತು. ಒಂದೇ ಲೋಹದ ಒಡಲಿನಲ್ಲಿ ಎರಡು ವಸ್ತುಗಳಿವೆ ಎಂದಾಯಿತು: ಒಂದನ್ನು ನಾವು ನಮಗಾಗಿ ಕೊಳ್ಳುತ್ತೇವೆ, ಇನ್ನೊಂದನ್ನು ನೆರೆಯವರಿಗಾಗಿ. ಬ್ರೇಕು ಮೊದಲನೆಯದು, ಮುಂಭಾಗದ ಲಾಂಛನ ಎರಡನೆಯದು. ಹಣ ಸಾಲದಾದಾಗ ಯಾವುದನ್ನು ಮೊದಲು ಬಿಡುತ್ತೇವೆಂಬುದನ್ನು ಮಾರಾಟಗಾರರು ನಮಗಿಂತ ಚೆನ್ನಾಗಿ ಬಲ್ಲರು. ಗಾಳಿಚೀಲಗಳು ಸರ್ಕಾರದ ಕಡ್ಡಾಯದಿಂದ ಬಂದುವು, ಮಿರುಗುವ ಚಕ್ರಗಳು ಯಾರ ಕಡ್ಡಾಯವೂ ಇಲ್ಲದೆ ಬಂದುವು.

ಕಾನೂನಿನಿಂದ ಇದನ್ನು ಅಡಗಿಸಬಹುದೇ? ಸಿಂಗಾಪುರವು 1990ರಿಂದ ಕಾರುಗಳ ಸಂಖ್ಯೆಗೆ ಮಿತಿಯಿಟ್ಟು, ಹತ್ತು ವರ್ಷಗಳ ಮಟ್ಟಿಗೆ ಕಾರಿಟ್ಟುಕೊಳ್ಳುವ ಹಕ್ಕುಪತ್ರವನ್ನೇ ಹರಾಜಿನಲ್ಲಿ ಮಾರುತ್ತಿದೆ. 2023ರ ಅಕ್ಟೋಬರಿನಲ್ಲಿ ಸಣ್ಣ ಕಾರಿನ ಹಕ್ಕುಪತ್ರವೊಂದಕ್ಕೇ ಒಂದು ಲಕ್ಷ ಸಿಂಗಾಪುರ ಡಾಲರುಗಳಿಗೂ ಮಿಕ್ಕಿ ಕೊಡಬೇಕಾಯಿತು. ಕಾರಿನ ಬೆಲೆ ಅದರ ಮೇಲೆ. ಬೀದಿಗಳ ದಟ್ಟಣೆ ಹತೋಟಿಗೆ ಬಂದುದು ನಿಜ. ಆದರೆ ಉತ್ತಮ ರೈಲುಗಳಿರುವ ಆ ಪುಟ್ಟ ದ್ವೀಪದಲ್ಲಿ ಕಾರು ಅಂತಸ್ತಿನ ಗುರುತಾಗಿ ಇನ್ನಷ್ಟು ಗಟ್ಟಿಗೊಂಡಿತು. ಅಲ್ಲಿಯ ಜನ ಬಾಳಿನ ಗುರಿಗಳೆಂದು ವಿನೋದವಾಗಿ ಎಣಿಸುವ ಐದು ವಸ್ತುಗಳಲ್ಲಿ ಅದೂ ಒಂದು.

ನಮ್ಮ ದೇಶದ ಪ್ರಯೋಗ ಬೇರೆ ಬಗೆಯದು. ಇಲ್ಲಿ ಅಂಬಾಸಡರಿನ ನೆತ್ತಿಯ ಮೇಲಿನ ಕೆಂಪು ದೀಪವು ದುಡ್ಡಿನಿಂದ ಬಾರದ, ಅಧಿಕಾರದಿಂದ ಮಾತ್ರ ಬರುವ ಕುರುಹಾಗಿ ದಶಕಗಳ ಕಾಲ ಉರಿಯಿತು. ಕಾರೇನೋ ಎಲ್ಲರಿಗೂ ದೊರೆಯುವಂಥದೇ ಆಗಿತ್ತು, ದೀಪ ದೊರೆಯುತ್ತಿರಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಅದರ ದುರುಪಯೋಗವನ್ನು ಖಂಡಿಸಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಮಂತ್ರಿಗಳನ್ನೂ ಒಳಗೊಂಡು ಎಲ್ಲರ ಕಾರಿನಿಂದಲೂ ಅದನ್ನು ತೆಗೆಸಿತು. ಅಂದಿನಿಂದ ಗಾಜಿನ ಮೇಲಿನ ಚೀಟಿಗಳು, ನಂಬರು ಫಲಕದ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ ಹುದ್ದೆಗಳು, ಮಾಜಿ ಎಂಬ ಪದವನ್ನು ಸಣ್ಣದಾಗಿಯೂ ಅಧ್ಯಕ್ಷರು ಎಂಬುದನ್ನು ದೊಡ್ಡದಾಗಿಯೂ ತೋರಿಸುವ ಹಲಗೆಗಳು ಆ ದೀಪದ ಕೆಲಸವನ್ನು ಹಂಚಿಕೊಂಡು ಮಾಡುತ್ತಿವೆ.

ಇವೆಲ್ಲಕ್ಕಿಂತ ಶುದ್ಧವಾದ ಮಾದರಿಯನ್ನು ನೋಡಬೇಕೆಂದರೆ ನಮ್ಮ ಆರ್‌ಟಿಓ ಕಚೇರಿಗಳಲ್ಲಿ ನಡೆಯುವ ಫ್ಯಾನ್ಸಿ ನಂಬರುಗಳ ಹರಾಜಿಗೆ ಹೋಗಬೇಕು. 0001, 9999 ಮುಂತಾದ ಸಂಖ್ಯೆಗಳಿಗೆ ಲಕ್ಷಗಟ್ಟಲೆ ಕೂಗುವವರುಂಟು. ಕೂಡಿದರೆ ಒಂಬತ್ತು ಬರಬೇಕೆಂಬ ಸಂಖ್ಯಾಶಾಸ್ತ್ರದ ಭಕ್ತರನ್ನು ಬಿಟ್ಟರೆ, ಉಳಿದವರಿಗೆ ಆ ಅಂಕಿಯಿಂದ ಗಾಡಿಯ ವೇಗ ಹೆಚ್ಚದು, ಪೆಟ್ರೋಲು ಉಳಿಯದು, ಮಳೆ ಬಂದರೆ ತಲೆಯ ಮೇಲೆ ಮಾಡಾಗದು. ನ್ಯಾನೋ ಕೊಟ್ಟುದರಲ್ಲಿ ಒಂದನ್ನೂ ಅದು ಕೊಡಲಾರದು. ಒಂದು ಸರಣಿಯಲ್ಲಿ ಅದು ಒಬ್ಬನಿಗೇ ದೊರೆಯುವುದೆಂಬುದಷ್ಟೇ ಅದರ ಸರಕು. ಸೋತವನು ನಿರಾಶನಾಗಬೇಕಾದುದೂ ಇಲ್ಲ. ಅಕ್ಷರ ಬದಲಾಗಿ ಹೊಸ ಸರಣಿ ತೆರೆದೊಡನೆ ಇನ್ನೊಂದು 0001 ಹುಟ್ಟುತ್ತದೆ. ಅದನ್ನು ಹುಟ್ಟಿಸಲು ಕಚೇರಿಗೆ ಯಾವ ವೆಚ್ಚವೂ ತಗಲುವುದಿಲ್ಲ, ಹರಾಜಿನ ಕೂಗು ಮಾತ್ರ ಮತ್ತೆ ಆರಂಭವಾಗುತ್ತದೆ.